ಟವಲಿನ ಕೆಳಗಿನ ಬಿಲ್ಲು

ಶಾಲೆಯ ಅಂಗಿಯ ಗುಂಡಿ ವ್ಯಾನು ಬರುವ ಹೊತ್ತಿಗೇ ಏಕೆ ಕಿತ್ತು ಬರುತ್ತದೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಿಮ್ಮಲ್ಲಿದ್ದರೆ ತಿಳಿಸಿ. ಮೊನ್ನೆ ಮಗಳ ಅಂಗಿಗೆ ಗುಂಡಿ ಹುಡುಕುತ್ತ ಹೊಲಿಗೆ ಡಬ್ಬವನ್ನು ನೆಲದ ಮೇಲೆ ಸುರುವಿದೆ. ನಮ್ಮ ಮನೆಯ ಹೊಲಿಗೆ ಡಬ್ಬದಲ್ಲಿ ಸೂಜಿ ದಾರ ಬಿಟ್ಟು ಉಳಿದದ್ದೆಲ್ಲ ಇರುತ್ತದೆ. ಒಂಟಿ ಓಲೆ, ಯಾವ ಬೀಗಕ್ಕೂ ಸೇರದ ಕೀಲಿಕೈ, ಕೈ ಗಡಿಯಾರದ ಮುರುಕು ಪಟ್ಟಿ. ಅವುಗಳ ನಡುವೆ ಅಂಗೈಯ ಅರ್ಧದಷ್ಟಿರುವ ಒಂದು ತೊಗಲಿನ ತುಂಡು ಬಿತ್ತು. ಬಣ್ಣ ಕಪ್ಪಿಟ್ಟಿತ್ತು, ಅಂಚು ಸವೆದಿತ್ತು, ನಡುವೆ ಬೆರಳು ತೂರಿಸುವಷ್ಟು ಒಂದು ತೂತು.

"ಅಮ್ಮಾ, ಇದೇನು? ಹಳೇ ಚಪ್ಪಲೀದಾ?" ಎಂದಳು ಮಗಳು.

"ಚಪ್ಪಲಿಯದಲ್ಲ ಕಣೆ, ದೊರೆಯ ಕೊರಳಪಟ್ಟಿದು," ಎಂದೆ.

ಅವಳು ಯಾವುದೋ ರಾಜಮನೆತನದ ಕಥೆ ಬರುತ್ತದೆಂದು ಕಣ್ಣರಳಿಸಿದಳು. ಅಷ್ಟರಲ್ಲಿ ವ್ಯಾನು ಹಾರನ್ ಹೊಡೆಯಿತು. ಗುಂಡಿಯ ಜಾಗಕ್ಕೆ ಪಿನ್ನು ಚುಚ್ಚಿ ಕಳಿಸಿಬಿಟ್ಟೆ. ಅವಳಿಗೆ ಹೇಳದೆ ಉಳಿದದ್ದನ್ನು ನಿಮಗಾದರೂ ಹೇಳುತ್ತೇನೆ. ನಿಮ್ಮನ್ನು ಕರೆದೊಯ್ಯಲು ಯಾವ ವ್ಯಾನೂ ಬರುವುದಿಲ್ಲವಷ್ಟೆ?

ದೊರೆ ರಾಜನಲ್ಲ, ಎತ್ತು. ಪಾಂಡವಪುರದಿಂದ ಮೇಲುಕೋಟೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಲ್ಲಿ ಎತ್ತಿನ ಮಾತು ಬಂದರೆ ಜನ ಅಪ್ಪನನ್ನು ಕರೆಯುತ್ತಿದ್ದರು. ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಗುಣ, ನಡಿಗೆ ನೋಡಿ ಹೆಗಲಿನ ಬಲ ಹೇಳುತ್ತಿದ್ದ. ಅಂಥವನೇ ಕೆ.ಆರ್. ಪೇಟೆ ಕಡೆಯ ದನದ ಸಂತೆಯಿಂದ ಒಂದು ಸಲ ಬೆಳ್ಳನೆಯ, ಗಂಭೀರ ಮುಖದ ಎತ್ತೊಂದನ್ನು ಹಿಡಿದುಕೊಂಡು ಬಂದ. ಅದು ಉಳುವಾಗ ಮೂರು ಸಾಲು ನಡೆಯುತ್ತಿತ್ತು. ನಾಲ್ಕನೆಯ ಸಾಲಿಗೆ ಕಾಲು ಮಡಿಸಿ ಮಲಗಿಬಿಡುತ್ತಿತ್ತು. ಬಾಲ ತಿರುಚಿದರೆ ತಲೆ ತಿರುಗಿಸಿ, ಏನು ವಿಷಯ ಎನ್ನುವಂತೆ ನೋಡುತ್ತಿತ್ತು. "ಬಂದವ್ನೆ ನೋಡು ದೊರೆ," ಎಂದು ಅಮ್ಮ ಹಲ್ಲು ಕಡಿದು ಹೇಳಿದ್ದೇ ಅದರ ನಾಮಕರಣ.

ಸುದ್ದಿ ಕೇಳಿ, ಮಾರಿಸಿದ ದಳ್ಳಾಳಿಯೇ ನಾಚಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದಿದ್ದ. "ವಾಪಸ್ ಕೊಟ್ಬುಡಿ ಗೌಡ್ರೆ, ಬ್ಯಾರೆದು ಕೊಡಿಸ್ತೀನಿ," ಅಂದ. ಅಪ್ಪ ಅವನಿಗೆ ಕಾಫಿ ಕೊಡಿಸಿ ಕಳಿಸಿದನೇ ಹೊರತು ಎತ್ತನ್ನು ಕೊಡಲಿಲ್ಲ. "ಟವಲು ತೆಗ್ದಾಗದೆ, ಬುಡಪ್ಪ," ಎಂದ.

ಈ ಟವಲಿನ ವಿಷಯ ನಿಮಗೆ ಗೊತ್ತಿರಬೇಕು, ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ದನದ ವ್ಯಾಪಾರ ಬಾಯಿಯಲ್ಲಿ ನಡೆಯುವುದಿಲ್ಲ, ಬೆರಳಲ್ಲಿ ನಡೆಯುತ್ತದೆ. ಕೊಳ್ಳುವವನೂ ಮಾರುವವನೂ ಕೈಗೆ ಕೈ ಕೊಟ್ಟು ಮೇಲೆ ಟವಲು ಹೊದಿಸುತ್ತಾರೆ. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಬೆಲೆ. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ. ಟವಲು ತೆಗೆದರೆ ವ್ಯಾಪಾರ ಮುಗಿಯಿತು. ಒಮ್ಮೆ ತೆಗೆದ ಟವಲನ್ನು ಅದೇ ವ್ಯಾಪಾರಕ್ಕೆ ಮತ್ತೆ ಹೊದಿಸಬಾರದು ಎಂಬುದು ಅಪ್ಪನ ಕಾನೂನು. ಆ ಕಾನೂನಿನ ದೆಸೆಯಿಂದ ದೊರೆ ನಮ್ಮ ಕೊಟ್ಟಿಗೆಯಲ್ಲಿ ಉಂಡುಟ್ಟು, ಮಲಗಿ, ಮುಪ್ಪಾಗಿ, ನೆಮ್ಮದಿಯಾಗಿ ಕಣ್ಣು ಮುಚ್ಚಿತು. ಅಮ್ಮ ದಿನಾ ಬೈಯುತ್ತ ಅದಕ್ಕೆ ಕಲಗಚ್ಚು ಇಟ್ಟಳು. ಸತ್ತ ದಿನ ಎಲ್ಲರಿಗಿಂತ ಹೆಚ್ಚು ಅತ್ತವಳೂ ಅವಳೇ.

ಇನ್ನು ನನ್ನ ವಿಷಯ. ತೊಂಬತ್ತರ ದಶಕದ ನಡುವಿನಲ್ಲಿ ನಾನು ಪಾಂಡವಪುರದಲ್ಲಿ ಬಿ.ಎ. ಓದುತ್ತಿದ್ದೆ. ಕಬ್ಬಿನ ಗಾಡಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಆಟೋಟಗಳಿಂದ ನಾನು ಯಾವತ್ತೂ ದೂರ ಇದ್ದವಳು. ಓಡಿದರೆ ಚಪ್ಪಲಿ ಮೊದಲು ಮುಟ್ಟುತ್ತಿತ್ತು, ನಾನು ಆಮೇಲೆ. ಗುಂಡು ಎಸೆದರೆ ಕಾಲ ಬುಡಕ್ಕೇ ಬೀಳುತ್ತಿತ್ತು. ಆ ವರ್ಷ ಕಾಲೇಜಿಗೆ ಹೊಸದಾಗಿ ಬಂದ ಆಟದ ಮೇಡಂ ನನ್ನನ್ನು ಮೈದಾನದ ಅಂಚಿನಲ್ಲಿ ಒಂದು ಗಂಟೆ ಗಮನಿಸಿ, ಹತ್ತಿರ ಕರೆದು, "ನಿಲ್ಲೋದು ಚೆನ್ನಾಗಿ ನಿಲ್ತೀಯ," ಎಂದರು. ಜೀವನದಲ್ಲಿ ಕ್ರೀಡೆಯ ವಿಷಯಕ್ಕೆ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಕೈಗೆ ಕಾಲೇಜಿನ ಬಿದಿರಿನ ಬಿಲ್ಲು ಕೊಟ್ಟರು.

ಬಿಲ್ಲುಗಾರಿಕೆಯಲ್ಲಿ ಓಡಬೇಕಿಲ್ಲ, ನೆಗೆಯಬೇಕಿಲ್ಲ. ನಿಲ್ಲಬೇಕು, ಎಳೆಯಬೇಕು, ಉಸಿರು ಹಿಡಿಯಬೇಕು, ಬಿಡಬೇಕು. ಮೊದಲ ಬಾಣ ಹುಲ್ಲಿನ ಗುರಿಗೆ ಹೋಗಿ ನಾಟಿದಾಗ ಬಂದ ಆ ಸಣ್ಣ ಶಬ್ದವಿದೆಯಲ್ಲ, ಅದು ನನಗೆ ಹುಚ್ಚು ಹಿಡಿಸಿತು. ನಾನೂ ಒಂದರಲ್ಲಿ ಗಟ್ಟಿಗಿತ್ತಿ ಆಗಬಹುದು ಎಂದು ಹದಿನೆಂಟು ವರ್ಷಕ್ಕೆ ಮೊದಲ ಸಲ ಅನ್ನಿಸಿತ್ತು. ಆದರೆ ಮಳೆಗಾಲ ಮುಗಿಯುವ ಹೊತ್ತಿಗೆ ಆ ಬಿದಿರು ಸೀಳಿತು. ಹೊಸದು ತರಿಸಲು ಕಾಲೇಜಿನಲ್ಲಿ ದುಡ್ಡಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮೈಸೂರಿನಲ್ಲಿ ಕಾಲೇಜುಗಳ ನಡುವೆ ಪಂದ್ಯವಿತ್ತು. ನಮ್ಮ ಕಾಲೇಜಿನಿಂದ ಒಬ್ಬ ಹುಡುಗಿ ಹೋಗಬಹುದಿತ್ತು.

"ಸ್ವಂತ ಬಿಲ್ಲು ತಂದರೆ ನಿನ್ನ ಹೆಸರೇ ಕಳಿಸ್ತೀನಿ," ಎಂದರು ಮೇಡಂ. ಎಂಥದು ಕೊಳ್ಳಬೇಕೆಂದೂ ಹೇಳಿದರು. ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು, ನಡುವಿನ ಮರದ ಹಿಡಿ ಬೇರೆ, ಮೇಲಿನ ಕೆಳಗಿನ ತೋಳುಗಳು ಬೇರೆ, ಬಿಚ್ಚಿ ಜೋಡಿಸುವಂತಿರಬೇಕು. "ಮೊದಲನೇ ಬಿಲ್ಲು ದುಬಾರಿ ಬೇಡ. ಎಳೆಯೋಕೆ ಹಗುರ ಇರಲಿ, ಇಪ್ಪತ್ತು ಪೌಂಡು ಸಾಕು. ಕೈ ಬಲಿತ ಮೇಲೆ ತೋಳು ಮಾತ್ರ ಬದಲಾಯಿಸಿಕೊಂಡರಾಯ್ತು," ಎಂದರು.

ಮನೆಯಲ್ಲಿ ಈ ಮಾತು ತೆಗೆದಾಗ ಅಪ್ಪ ಮೇವು ಕತ್ತರಿಸುತ್ತಿದ್ದ. "ಬಿಲ್ಲಾ? ಯಾರ್ ಮ್ಯಾಲೆ ಬುಡಕ್ಕವ್ವ?" ಎಂದ.

ಅಜ್ಜಿ ಒಳಗಿನಿಂದಲೇ ದನಿ ತೆಗೆದಳು. "ನಾಗಮಂಗಲದ ಕಡೆಯೋರು ಸಂಬಂಧ ಕೇಳ್ತಾವ್ರೆ. ಈ ಅಮ್ಮಿ ಬಾಗ್ಲಲ್ಲಿ ಬಿಲ್ಲು ಇಡ್ಕಂಡು ನಿಂತ್ಕಂಡ್ರೆ, ಎಣ್ಣು ನೋಡಕ್ಕೆ ಬಂದೋರು ಒಳೀಕ್ ಬತ್ತಾರಾ?"

"ಬರ್ದಿದ್ರೆ ಕಾಪಿ ಉಳೀತು ಬುಡವ್ವ," ಎಂದ ಅಪ್ಪ. ಆ ಭಾನುವಾರವೇ ಶ್ರೀರಂಗಪಟ್ಟಣಕ್ಕೆ ಹೊರಟೆವು.

ಶ್ರೀರಂಗಪಟ್ಟಣದಲ್ಲಿ ರಹಮತ್ ಸಾಬರ ಆಟದ ಸಾಮಾನಿನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಕೇರಂ ಬೋರ್ಡು, ಕ್ರಿಕೆಟ್ ಬ್ಯಾಟು, ಬಲೆಯಲ್ಲಿ ತೂಗುಬಿಟ್ಟ ಚೆಂಡುಗಳು. ಗೋಡೆಯ ಮೇಲೆ ಎರಡು ಬಿಲ್ಲು. ಯಾರೋ ಹೇಳಿ ತರಿಸಿ, ಕೊಳ್ಳಲು ಬಾರದೆ ಬಿಟ್ಟವಂತೆ. ಅದಕ್ಕೇ ಅಗ್ಗಕ್ಕೆ ಕೊಡಲು ಸಾಬರು ತಯಾರಿದ್ದರು. ಎರಡರದ್ದೂ ಒಂದೇ ಥರದ ಮರದ ಹಿಡಿ, ಒಂದೇ ಉದ್ದ, ಒಂದೇ ಬೆಲೆ. ತೋಳಿನ ಮೇಲೆ ಬರೆದ ಅಂಕಿ ಮಾತ್ರ ಬೇರೆ. ಒಂದು ಇಪ್ಪತ್ತು, ಇನ್ನೊಂದು ನಲವತ್ತು.

"ಬೇಟಿಗೆ ಇಪ್ಪತ್ತರದ್ದೇ ಸರಿ ಗೌಡ್ರೆ," ಎಂದು ಸಾಬರು ಅದನ್ನೇ ಕೆಳಗಿಳಿಸಿದರು.

ಅಲ್ಲಿಗೆ ಕೆಟ್ಟಿತು. ದನದ ಸಂತೆಯಲ್ಲಿ ಪಳಗಿದವನಿಗೆ, ಮಾರುವವನು ತಾನಾಗಿ ಮುಂದೆ ತಳ್ಳುವ ಎತ್ತಿನಲ್ಲಿ ಏನೋ ಐಬಿದೆ ಎಂದೇ ಅರ್ಥ. ಅಪ್ಪ ಮೀಸೆಯಲ್ಲೇ ನಕ್ಕು, "ಅದಿರ್ಲಿ, ಆ ಇನ್ನೊಂದ ಇಳ್ಸಿ," ಎಂದ. ಬಿಲ್ಲಿನ ಮೈ ಸವರಿದ, ತುದಿಯ ಬಾಗನ್ನು ಹಿಡಿದು ನೋಡಿದ, ಹೆದೆ ಮೀಟಿ ಕಿವಿಗೊಟ್ಟು ಕೇಳಿದ. ಹಲ್ಲೊಂದು ಇದ್ದಿದ್ದರೆ ಅದನ್ನೂ ನೋಡುತ್ತಿದ್ದನೇನೋ. ಆಮೇಲೆ ಎದೆ ಸೆಟೆಸಿ ಹೆದೆಯನ್ನು ಕಿವಿಯವರೆಗೂ ಎಳೆದುಬಿಟ್ಟ.

"ಬುಡಬ್ಯಾಡಿ ಗೌಡ್ರೆ! ಬಾಣ ಇಲ್ದೆ ಬುಟ್ರೆ ಬಿಲ್ಲೇ ಸೀಳೋಯ್ತದೆ!" ಎಂದು ಸಾಬರು ಎರಡೂ ಕೈ ಎತ್ತಿದರು.

ಬಿಡುವಂತಿಲ್ಲ, ಹಾಗೇ ಹಿಡಿದಿರುವಂತಿಲ್ಲ. ನಿಧಾನವಾಗಿ ಹಿಂದಕ್ಕೆ ಬಿಡಬಹುದೆಂಬುದು ಪಾಪ, ಗಾಬರಿಯಲ್ಲಿ ಅವನಿಗೆ ಹೊಳೆಯಲಿಲ್ಲ. ಅಂಗಡಿಯ ನಡುವೆ ಕಣ್ಣು ಅಗಲಿಸಿ ನಿಂತುಬಿಟ್ಟ. ಕೊನೆಗೆ ಸಾಬರು ಬಂದು, ಹೆದೆಯನ್ನೂ ಅಪ್ಪನ ಕೈಯನ್ನೂ ಒಟ್ಟಿಗೆ ಹಿಡಿದು ಮುಂದಕ್ಕೆ ತಂದರು. ಅಪ್ಪ ಬೆವರು ಒರೆಸಿಕೊಂಡು, "ಇದು ಮಾಲು!" ಎಂದ.

"ಅಪ್ಪ, ಮೇಡಂ ಇಪ್ಪತ್ತು ಅಂದಿದ್ರು," ಎಂದೆ.

"ಒಂದೇ ರೇಟ್ಗೆ ನಲವತ್ತು ಸಿಗ್ತಿರೋವಾಗ ಇಪ್ಪತ್ತು ತಕ್ಕಂಡೋದ್ರೆ ನೋಡ್ದೋರು ನಗಲ್ವಾ? ಆ ಮೇಡಂ ನಿನ್ ಮಕ ನೋಡಿ ಯೋಳವ್ರೆ, ಕೈ ನೋಡಿಲ್ಲ. ಬಾವೀಲಿ ನೀರು ಸೇದಿರೋ ಕೈ ಕಣವ್ವ ಇದು!"

ನಾನು ಇನ್ನೂ ಸ್ವಲ್ಪ ವಾದಿಸಬಹುದಿತ್ತು. ಆದರೆ ಅಪ್ಪ ನನ್ನ ಕೈ ಮೇಲೆತ್ತಿ ಸಾಬರಿಗೆ ತೋರಿಸಿದ ರೀತಿಗೆ ನನಗೂ ಅಮಲೇರಿತು. ಹೌದಲ್ಲ, ನೀರು ಸೇದಿರುವ ಕೈ, ಎಂದುಕೊಂಡೆ.

ಬೆಲೆಯ ಮಾತು ಬಂದಾಗ ಅಪ್ಪ ಹೆಗಲ ಮೇಲಿನ ಟವಲು ತೆಗೆದು ಸಾಬರ ಮುಂದೆ ಕೈ ಚಾಚಿದ. ನನಗೆ ನಾಚಿಕೆಯಿಂದ ಅಂಗಡಿಯ ಹೊರಗೆ ಓಡಿಹೋಗುವಂತಾಯಿತು. ಆದರೆ ಸಾಬರ ಮುಖ ಅರಳಿತು. "ಅರೆ, ನಮ್ ಅಬ್ಬಾನೂ ಕುರಿ ಯಾಪಾರ ಮಾಡ್ತಿದ್ರು," ಎಂದು ಅವರೂ ಕೈ ಕೊಟ್ಟರು. ಟವಲಿನ ಕೆಳಗೆ ಏನೇನೋ ನಡೆಯಿತು. ಅಪ್ಪ ಹುಬ್ಬೇರಿಸಿದ, ಸಾಬರು ತಲೆಯಾಡಿಸಿದರು, ಅಪ್ಪ ಹೊರಟುಹೋಗುವಂತೆ ನಟಿಸಿದ, ಸಾಬರು ನಕ್ಕರು. ಟವಲು ತೆಗೆದರು. ಇವತ್ತಿನವರೆಗೂ ಆ ಬಿಲ್ಲಿಗೆ ಎಷ್ಟು ಕೊಟ್ಟೆವೆಂದು ನನಗೆ ಗೊತ್ತಿಲ್ಲ.

ಊರಿಗೆ ಬಂದ ಸಂಜೆಯೇ ಜಗಲಿಯ ಮೇಲೆ ಅಪ್ಪನ ಪ್ರಚಾರ ಶುರುವಾಯಿತು. "ನಲವತ್ತು ಪೌಂಡು ಕಣ್ಲಾ! ನಮ್ ಉಡುಗಿ ಎಳೀತಾಳೆ. ನೀನೊಸಿ ಎಳಿ ನೋಡಾನ." ಬಂದವರೆಲ್ಲ ಒಂದೊಂದು ಸಲ ಎಳೆದು, ಮುಖ ಕೆಂಪಗೆ ಮಾಡಿಕೊಂಡು, "ಭಲೇ" ಎಂದು ಹೋದರು.

ಉಡುಗಿ ಎಳೆದದ್ದು ಹೇಗೆ ಎಂದು ನಿಮಗೆ ಮಾತ್ರ ಹೇಳುತ್ತೇನೆ. ಹೆದೆ ನನ್ನ ಗಲ್ಲದವರೆಗೆ ಬರಬೇಕಿತ್ತು. ಅದು ಬಿಲ್ಲು ಹಿಡಿದ ಕೈಯ ಮೊಣಕೈಯವರೆಗೆ ಬಂದು, ಇನ್ನು ಬರುವುದಿಲ್ಲ ಎಂದು ನಿಲ್ಲುತ್ತಿತ್ತು. ಹಿತ್ತಲಿನ ಹುಲ್ಲಿನ ಮೆದೆಗೆ ಗುರಿಯಿಟ್ಟರೆ, ಎಳೆಯುವ ಭರದಲ್ಲಿ ಮೈಯೆಲ್ಲ ನಡುಗಿ ಬಾಣ ಬೇಲಿಗೆ ಹೋಗುತ್ತಿತ್ತು. ನಿಲ್ಲುವುದೊಂದು ಬರುತ್ತಿತ್ತಲ್ಲ, ಅದೂ ಹೋಯಿತು. ಒಂದು ಬಾಣ ಮೆದೆಯೊಳಗೆ ಹೊಕ್ಕು ಸಿಗಲೇ ಇಲ್ಲ. "ಅಸ ತಿಂದ್ಬುಟ್ರೆ ಏನ್ ಗತಿ?" ಎಂದು ಅಮ್ಮ ಅರ್ಧ ಮೆದೆ ಬಿಚ್ಚಿಸಿದಳು.

ಮೇಡಂ ನೋಡಿದ ಕೂಡಲೇ ಹಣೆ ಚಚ್ಚಿಕೊಂಡರು. "ಇದನ್ನ ಎಳೆದು ಭುಜ ಹಾಳು ಮಾಡ್ಕೋಬೇಡ. ತೋಳು ಬದಲಾಯಿಸಿಕೊಂಡು ಬಾ. ಇಲ್ಲದಿದ್ದರೆ ನಿನ್ನ ಹೆಸರು ಕಳಿಸೋಕಾಗಲ್ಲ," ಎಂದರು.

ಬದಲಾಯಿಸಿಕೊಂಡು ಬಾ ಎನ್ನುವುದು ಎಷ್ಟು ಸುಲಭ! ಮಲಗುವ ಎತ್ತನ್ನೇ ವಾಪಸ್ ಕೊಡದವನ ಮಗಳು ನಾನು. ಅದರ ಮೇಲೆ ಜಗಲಿಯ ಪ್ರಚಾರ ಬೇರೆ. ಅಪ್ಪನ ಎದುರು ನಿಂತು, ನೀನು ಆರಿಸಿದ್ದು ತಪ್ಪು ಎನ್ನಲು ನನಗೆ ಬಾಯಿ ಬರಲಿಲ್ಲ. ಕೈ ಬಲಿತರೆ ಎಲ್ಲ ಸರಿಹೋಗುತ್ತದೆಂದು ದಿನಾ ಸಂಜೆ ಎಳೆದೆ. ಭುಜ ಬಾತುಕೊಂಡಿತು. ಅಜ್ಜಿ ಗುಟ್ಟಾಗಿ ಹರಳೆಣ್ಣೆ ತಿಕ್ಕಿ ಉಪ್ಪಿನ ಶಾಖ ಕೊಡುತ್ತಿದ್ದಳು. ಬಿಲ್ಲನ್ನು ಬೈಯುತ್ತಿದ್ದವಳು ಆಗ ಒಂದು ಮಾತೂ ಬೈಯಲಿಲ್ಲ. "ನಿಮ್ಮಪ್ಪಂಗೆ ಯೋಳ್ಲಾ?" ಎಂದು ಮಾತ್ರ ಕೇಳುತ್ತಿದ್ದಳು. ನಾನು ಬೇಡವೆನ್ನುತ್ತಿದ್ದೆ.

"ಎಂಗವ್ವಾ ಬಿಲ್ಲು? ಎಗ್ಲು ಗಿಗ್ಲು ನೋಯ್ತದಾ?" ಎಂದು ಅಪ್ಪ ಊಟಕ್ಕೆ ಕೂತಾಗ ಕೇಳುತ್ತಿದ್ದ.

"ಇಲ್ಲಪ್ಪ, ಚೆನ್ನಾಗದೆ," ಎನ್ನುತ್ತಿದ್ದೆ. ಅವನು ಇನ್ನೊಂದು ಮುದ್ದೆ ಇಕ್ಕಿಸಿಕೊಂಡು ಉಣ್ಣುತ್ತಿದ್ದ.

ಒಂದು ಬೆಳಿಗ್ಗೆ ಬಾವಿಯಿಂದ ನೀರು ತರುತ್ತಿದ್ದೆ. ಬಿಂದಿಗೆಯನ್ನು ಯಾವಾಗಲೂ ಬಲಗೈಯಲ್ಲಿ ಎತ್ತುವವಳು ಎಡಗೈಯಲ್ಲಿ ಎತ್ತಿದ್ದನ್ನು ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಅಪ್ಪ ನೋಡಿದ. ಹತ್ತಿರ ಬಂದು, ನನ್ನ ಬಲಭುಜದ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದ. ನಾನು ಬೆದರಿ ಹಿಂದೆ ಸರಿದೆ. ಬಿಂದಿಗೆಯ ನೀರು ಅವನ ಕಾಲ ಮೇಲೆ ಚೆಲ್ಲಿತು. ಅಪ್ಪನ ಮುಖ ಆಗ ಹೇಗಾಯಿತೆಂದರೆ, ನೋವಾದದ್ದು ನನಗೋ ಅವನಿಗೋ ತಿಳಿಯುವಂತಿರಲಿಲ್ಲ.

"ಓರಿ ಪಳಗಿಸೋವಾಗ ಮೊದ್ಲು ಒಣ ಕೊರಡು ಎಳಸ್ತೀವಿ," ಎಂದ. "ಆಮೇಲೆ ಬರೀ ಗಾಡಿ. ಆಮೇಲೆ ಏರು ತುಂಬಿದ ಗಾಡಿ. ನಾನು ನಿನ್ನ ಒಂದೇ ದಪ ಕಬ್ಬಿನ್ ಗಾಡಿಗೆ ಕಟ್ಬುಟ್ನಲ್ಲವ್ವ." ಅಷ್ಟು ಹೇಳಿ ಬಿಂದಿಗೆಯನ್ನು ತಾನೇ ಒಳಗೆ ತೆಗೆದುಕೊಂಡು ಹೋದ. ಅಪ್ಪ ನೀರು ಹೊತ್ತದ್ದನ್ನು ನಮ್ಮ ಬೀದಿ ಅವತ್ತೇ ಮೊದಲ ಸಲ ನೋಡಿದ್ದು.

ಮಾರನೆಯ ದಿನ ಕ್ಷೌರ ಮಾಡಿಸಿಕೊಂಡು, ಒಗೆದ ಟವಲು ಹೆಗಲಿಗೆ ಹಾಕಿಕೊಂಡು ಹೊರಟ. ಬಿಲ್ಲನ್ನು ಗೋಣಿಚೀಲದಲ್ಲಿ ಸುತ್ತಿದ್ದ. ದಾರಿಯಲ್ಲಿ ಸಿಕ್ಕವರು ಕೇಳಿದರೆ ಗುದ್ದಲಿ ಕಾವು ಎಂದ. ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಅವನ ಪಕ್ಕ ನಾನೂ ಕೂತೆ.

ಅಂಗಡಿಯಲ್ಲಿ ಕೂತು ಅಪ್ಪ ಮಳೆ ಬೆಳೆಯ ಮಾತಾಡಿದ. ಕಾರ್ಖಾನೆ ಕಬ್ಬು ನುರಿಯುವುದು ತಡವಾದ ಮಾತಾಡಿದ. ಬೆಳಗೊಳದ ಕಡೆಯ ನಾಲೆಯಲ್ಲಿ ನೀರೆಷ್ಟಿದೆ ಎಂದು ವಿಚಾರಿಸಿದ. ಸಾಬರು ಚಹಾ ತರಿಸಿದರು, ಅದೂ ಮುಗಿಯಿತು. ಬಿಲ್ಲಿನ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ನಾನೇ ಹೇಳಿಬಿಡೋಣವೆಂದರೆ ನನ್ನ ಕಡೆ ನೋಡಿ ಬೇಡವೆಂದು ಕಣ್ಣಲ್ಲೇ ತಡೆದ. ಕೊನೆಗೆ ಗೋಣಿಚೀಲವನ್ನು ಸಾಬರ ಮುಂದೆ ಇಟ್ಟು, ಹೆಗಲ ಟವಲು ತೆಗೆದು ಕೈ ಚಾಚಿದ.

ಸಾಬರು ಕೈ ಕೊಟ್ಟರು. ಈ ಸಲ ಯಾರೂ ಹುಬ್ಬೇರಿಸಲಿಲ್ಲ, ಯಾರೂ ತಲೆಯಾಡಿಸಲಿಲ್ಲ. ಟವಲು ಅಲುಗಾಡದೆ ಬಹಳ ಹೊತ್ತು ಹಾಗೇ ಇತ್ತು. ಸಾಬರು ಒಮ್ಮೆ ಅಪ್ಪನ ಮುಖ ನೋಡಿದರು, ಒಮ್ಮೆ ನನ್ನ ಭುಜ ನೋಡಿದರು. ಆಮೇಲೆ ಎದ್ದು, ಗೋಡೆಯ ಮೇಲಿದ್ದ ಇಪ್ಪತ್ತರ ಬಿಲ್ಲು ಇಳಿಸಿ, ಅದರ ತೋಳು ಬಿಚ್ಚಿ ನಮ್ಮ ಹಿಡಿಗೆ ಜೋಡಿಸಿಕೊಟ್ಟರು.

"ತಪ್ಪು ನಂದು ಗೌಡ್ರೆ. ಅವತ್ತೇ ನಾನು ಗಟ್ಟಿಯಾಗಿ ಹೇಳ್ಬೇಕಿತ್ತು," ಎಂದರು, ಪಕ್ಕದ ಅಂಗಡಿಗೂ ಕೇಳುವಂತೆ.

ಅಪ್ಪ ಬಸ್ಸಿನಲ್ಲಿ, "ಯಾಪಾರ ಆಯ್ತು," ಎಂದಷ್ಟೇ ಹೇಳಿದ. ಮನೆಗೆ ಬಂದವನೇ ಅಟ್ಟದ ಮೇಲಿಂದ ದೊರೆಯ ಗೆಜ್ಜೆ ಕಟ್ಟುತ್ತಿದ್ದ ಕೊರಳಪಟ್ಟಿ ತೆಗೆದ. ಅದರ ಮೆತ್ತನೆಯ ಭಾಗ ಕತ್ತರಿಸಿ, ತೂತು ಮಾಡಿ, ಹೆದೆ ಬೆರಳನ್ನು ಕೊರೆಯದಂತೆ, ಮೊನ್ನೆ ಹೊಲಿಗೆ ಡಬ್ಬದಲ್ಲಿ ಸಿಕ್ಕ ಈ ತುಂಡು ಮಾಡಿಕೊಟ್ಟ. "ಕೆಲ್ಸ ಮಾಡ್ದೆ ಓಯ್ತಲ್ಲ ದೊರೆ, ಈಗ್ಲಾದ್ರೂ ಮಾಡ್ಲಿ," ಎಂದ. ಜಗಲಿಯ ಮೇಲೆ ಯಾರೋ ನಲವತ್ತು ಪೌಂಡಿನ ಮಾತು ತೆಗೆದಾಗ, "ಇಪ್ಪತ್ತು ಮಾಡ್ಸಿವ್ನಿ. ನಂದೇ ತಪ್ಪಾಗಿತ್ತು," ಎಂದು ಹೇಳಿ ಬೀಡಿ ಹಚ್ಚಿದ.

ಮೈಸೂರಿನ ಪಂದ್ಯದಲ್ಲಿ ನಾನು ಗೆದ್ದೆನೆಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ಮೊದಲಿನವರ ಸಾಲಿನಲ್ಲಿ ಇರಲಿಲ್ಲ, ಕೊನೆಯವಳೂ ಆಗಲಿಲ್ಲ. ನನ್ನ ಒಂದು ಬಾಣ ಪಕ್ಕದ ಹುಡುಗಿಯ ಗುರಿಗೆ ಹೋಗಿ ಚೆನ್ನಾಗಿ ನಾಟಿತು. ಅವಳು ಥ್ಯಾಂಕ್ಸ್ ಹೇಳಿದಳು. ಆದರೆ ಉಳಿದ ಬಾಣಗಳೆಲ್ಲ ನನ್ನ ಗುರಿಗೇ ಬಿದ್ದವು, ಕೈ ನಡುಗಲಿಲ್ಲ, ನಿಂತ ಜಾಗದಲ್ಲಿ ನಾನು ನಿಂತೇ ಇದ್ದೆ. ಮರದ ಕೆಳಗೆ ರೊಟ್ಟಿಯ ಗಂಟು ಹಿಡಿದು ಕೂತಿದ್ದ ಅಪ್ಪ ಗುರಿಯ ಕಡೆ ನೋಡಲೇ ಇಲ್ಲವಂತೆ, ಮೇಡಂ ಹೇಳಿದರು. ಇಡೀ ಹೊತ್ತು ನನ್ನ ಬಲಭುಜವನ್ನೇ ನೋಡುತ್ತಿದ್ದನಂತೆ.

ಮುಂದಿನ ವರ್ಷ ಹೊಸ ಹೆದೆ ಕೊಳ್ಳಲು ನಾನೊಬ್ಬಳೇ ಸಾಬರ ಅಂಗಡಿಗೆ ಹೋಗಿದ್ದೆ. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. "ಸಾಬರೆ, ಅವತ್ತು ತೋಳು ಬದಲಾಯಿಸೋಕೆ ಅಪ್ಪ ನಿಮಗೆ ಇನ್ನೆಷ್ಟು ಕೊಟ್ಟರು?"

ಸಾಬರು ಹೆದೆಯನ್ನು ಕಾಗದದಲ್ಲಿ ಸುತ್ತುತ್ತ ಹೇಳಿದರು. "ಏನೂ ಇಲ್ಲಮ್ಮ. ಒಂದು ಬೆರಳು ಹಿಡಿದ್ರೆ ಒಂದು, ಎರಡು ಹಿಡಿದ್ರೆ ಎರಡು. ನಿಮ್ಮಪ್ಪ ನನ್ನ ಪೂರಾ ಕೈ ಹಿಡ್ಕೊಂಡ್ರು, ಬಿಡಲೇ ಇಲ್ಲ. ಅದಕ್ಕೆ ಯಾವ ರೇಟು ಅಂತ ಹೇಳ್ಲಿ ಬೇಟಿ?"

ಊರು ಸೇರುವಾಗ ಸಂಜೆಯಾಗಿತ್ತು. ಅಪ್ಪ ಜಗಲಿಯ ಮೇಲೆ ಕೂತು ಕಾಲು ನೀಡಿಕೊಂಡಿದ್ದ. ಟವಲು ತೊಡೆಯ ಮೇಲಿತ್ತು, ಕೈ ಅದರ ಕೆಳಗಿತ್ತು. ನಾನು ಪಕ್ಕದಲ್ಲಿ ಕೂತು, ಟವಲಿನ ಅಡಿಗೆ ನನ್ನ ಕೈಯನ್ನೂ ತೂರಿಸಿದೆ.

"ಯಾವ ಎತ್ತಿಗವ್ವಾ?" ಎಂದ ಅಪ್ಪ ನಗುತ್ತ.

ಅವನ ಐದೂ ಬೆರಳು ಸೇರಿಸಿ ಹಿಡಿದೆ. ಹಿಡಿದು ಬಿಡಲಿಲ್ಲ.

ಅಪ್ಪನ ನಗು ನಿಂತಿತು. ಬೀದಿಯ ಕಡೆಗೆ ಮುಖ ತಿರುಗಿಸಿ, "ಯೋಳ್ಬುಟ್ರಾ ಸಾಬ್ರು?" ಎಂದ. ಎದುರು ಮನೆಯವರು ಹಾಲು ಕರೆದುಕೊಂಡು ಡೈರಿಗೆ ಹೋದರು, ತಿರುಗಿ ಬಂದರು. ಟವಲು ತೆಗೆಯಲು ನಮ್ಮಿಬ್ಬರಿಗೂ ಅವಸರವಿರಲಿಲ್ಲ.